ಮನೆಯಲ್ಲಿ ಹೊಲಿದ ಮುಖಗವಸು ಆಸ್ಪತ್ರೆಗೆ ಎಷ್ಟು ಉಪಯುಕ್ತ?

2020ನೆಯ ಇಸವಿಯ ಮಾರ್ಚ್ ತಿಂಗಳನ್ನು ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರು ಬೇಗನೆ ಮರೆಯಲಾರರು. ಕಲಬುರಗಿಯ ಹಿರಿಯರೊಬ್ಬರನ್ನು ಚಿಕಿತ್ಸೆಗೆಂದು ಈ ನಗರಕ್ಕೆ ಕರೆತಂದಿದ್ದರು. ಇಲ್ಲಿಂದ ಊರಿಗೆ ಹಿಂದಿರುಗುವ ದಾರಿಯಲ್ಲಿ, ಮಾರ್ಚ್ 10ರಂದು, ಅವರು ತೀರಿಕೊಂಡರು. ಎರಡು ದಿನಗಳ ತರುವಾಯ ಪರೀಕ್ಷೆಯ ಫಲಿತಾಂಶ ಬಂದು, ಅದು ಭಾರತದಲ್ಲಿ ಕೋವಿಡ್‌ನಿಂದ ಸಂಭವಿಸಿದ ಮೊಟ್ಟಮೊದಲ ಮರಣವೆಂದು ದಾಖಲಾಯಿತು. ಕಾಯಿಲೆ ಬಿಗಡಾಯಿಸಿದಾಗ ಕಲಬುರಗಿ, ಬೀದರ, ಯಾದಗಿರಿ, ರಾಯಚೂರುಗಳಿಂದ ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವುದು ನಮ್ಮ ಜನರಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಆದಕಾರಣ ಆ ಸುದ್ದಿ ನಮಗೆ ದೂರದ ಸುದ್ದಿಯಾಗಿ ಕೇಳಿಸಲಿಲ್ಲ. ಕೆಲವೇ ದಿನಗಳಲ್ಲಿ, ಕಲಬುರಗಿಯಲ್ಲಿ ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರೊಬ್ಬರಿಗೂ ಸೋಂಕು ತಗುಲಿದುದು ತಿಳಿದುಬಂತು. ರೋಗಿಯ ಉಸಿರಿನ ಎದುರಿಗೆ ನಿಲ್ಲುವವರ ಗತಿ ಏನು ಎಂಬ ಚಿಂತೆ ಅಂದಿನಿಂದ ಮನೆಮನೆಗೂ ಹೊಕ್ಕಿತು.

ಮುಖಗವಸುಗಳ ಅಭಾವ ಅದಾಗಲೇ ತಲೆದೋರಿತ್ತು. ಮೂರು ಪದರದ ಗವಸನ್ನು 10 ರೂಪಾಯಿಗಿಂತ ಹೆಚ್ಚಿಗೆ ಮಾರಬಾರದೆಂದು ಕೇಂದ್ರ ಸರಕಾರವೇ ಅದೇ ತಿಂಗಳಲ್ಲಿ ಮಿತಿ ವಿಧಿಸಬೇಕಾಯಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿಕೊಂಡಿತು. ಆಗ ಕಾಚಿಗೂಡ, ಬರ್ಕತ್‌ಪುರ ಭಾಗದ ನಾವು ಕೆಲವು ಮನೆಗಳ ಹೆಂಗಸರು, ಮೂಲೆ ಸೇರಿದ್ದ ಹೊಲಿಗೆ ಯಂತ್ರಗಳ ಧೂಳು ಕೊಡವಿ, ಎಣ್ಣೆ ಬಿಟ್ಟು, ಆಸ್ಪತ್ರೆಯವರಿಗಾಗಿ ಗವಸು ಹೊಲಿಯಲು ಕುಳಿತೆವು. ಬಟ್ಟೆಯ ಅಂಗಡಿಗಳು ಮುಚ್ಚಿದ್ದವು. ಪೆಟ್ಟಿಗೆಯಲ್ಲಿದ್ದ ಹೊಸ ಪಂಚೆ, ಹಾಸಿಗೆಯ ಮೇಲುಹೊದಿಕೆ, ರವಿಕೆ ಕಣಗಳೇ ನಮ್ಮ ಸಾಮಗ್ರಿ. ಹುಬ್ಬಳ್ಳಿಯಲ್ಲಿ ವೈದ್ಯವಿದ್ಯೆ ಕಲಿತು, ಈ ನಗರದಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕೆಲಸ ಮಾಡಿ ನಿವೃತ್ತಳಾದವಳೆಂದು, ಅಳತೆ ಹೇಳುವ ಭಾರ ನನ್ನ ಮೇಲೆ ಬಿತ್ತು. ಹದಿನೈದು ದಿನಗಳಲ್ಲಿ ಮುನ್ನೂರಕ್ಕೂ ಹೆಚ್ಚು ಗವಸುಗಳಾದವು. ಇಸ್ತ್ರಿ ಮಾಡಿ ಕಟ್ಟು ಕಟ್ಟಿ ಒಂದು ಆಸ್ಪತ್ರೆಗೆ ಕೊಂಡೊಯ್ದೆ.

ಅಲ್ಲಿನ ಮುಖ್ಯ ದಾದಿಯರು ಅಲ್ಲಿಯೇ ಮೇಜಿನ ಮೇಲೆ ಕಟ್ಟು ಬಿಚ್ಚಿ ಮೂರು ಗುಡ್ಡೆ ಮಾಡಿದರು. ಮೊದಲನೆಯದು ಅತಿ ಚಿಕ್ಕದು; ಅದನ್ನು ಇಟ್ಟುಕೊಂಡರು. ಎರಡನೆಯದನ್ನು ಹೊರರೋಗಿಗಳ ವಿಭಾಗಕ್ಕೆ, ರೋಗಿಗಳೊಂದಿಗೆ ಬರುವ ಬಂಧುಗಳಿಗೆ ಹಂಚುವುದಾಗಿ ಹೇಳಿದರು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ನಮಗೇ ಮರಳಿತು. ಸೋಂಕು ರೋಗಿಗಳ ವಾರ್ಡಿನ ದಾದಿಯರಿಗೆ ಇವುಗಳಲ್ಲಿ ಒಂದೂ ಆಗದೆಂದು ಅವರು ಬಹು ಮೃದುವಾಗಿ ಹೇಳಿದರು. ತಪ್ಪು ಅವರದಲ್ಲ, ನನ್ನದು. ಏನು ಬೇಕೆಂದು ಹೊಲಿಯುವ ಮೊದಲು ಒಂದು ಮಾತು ಕೇಳಿರಲಿಲ್ಲ. ಆ ಮೂರು ಗುಡ್ಡೆಗಳ ಅರ್ಥವೇನೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಯಾರಿಂದ ಯಾರಿಗೆ ರಕ್ಷಣೆ?

ನಮ್ಮ ನಗರದಲ್ಲಿ ಬೆಳಗಿನ ಹೊತ್ತು ಬರಿಗಾಲಿನಲ್ಲಿ ನಡೆದುಹೋಗುವ ಸ್ಥಾನಕವಾಸಿ ಜೈನ ಸಾಧುಗಳನ್ನು ಓದುಗರು ನೋಡಿರಬಹುದು. ಅವರ ಬಾಯಿಗೆ ಕಟ್ಟಿದ ಬಿಳಿಯ ಮುಹಪತ್ತಿ ಅವರ ರಕ್ಷಣೆಗಾಗಿ ಅಲ್ಲ. ತಮ್ಮ ಉಸಿರಿನಿಂದ ಸೂಕ್ಷ್ಮಜೀವಕ್ಕೂ ಹಿಂಸೆಯಾಗದಿರಲೆಂಬುದು ಅದರ ಆಶಯ. ಸಿಕಂದರಾಬಾದಿನ ಪಾರಸಿ ಅಗ್ನಿಮಂದಿರದ ಪುರೋಹಿತರೂ ಪವಿತ್ರಾಗ್ನಿಯ ಮುಂದೆ ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಳ್ಳುತ್ತಾರೆ. ಉಸಿರು ತಾಗಿ ಅಗ್ನಿ ಮೈಲಿಗೆಯಾಗಬಾರದೆಂದು. ಇವೆರಡರಲ್ಲಿಯೂ ವಸ್ತ್ರವು ತಡೆಯುವುದು ಒಳಗಿನಿಂದ ಹೊರಗೆ ಹೋಗುವುದನ್ನು.

ಶಸ್ತ್ರವೈದ್ಯರ ಮುಖಗವಸು ಹುಟ್ಟಿದ್ದೂ ಇದೇ ತತ್ತ್ವದ ಮೇಲೆ. ಮಾತನಾಡುವಾಗ ಬಾಯಿಂದ ಸಿಡಿಯುವ ಹನಿಗಳಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆಂದು ಜರ್ಮನಿಯ ಫ್ಲೂಗೆ ತೋರಿಸಿಕೊಟ್ಟ ಮೇಲೆ, 1897ರಲ್ಲಿ ಬ್ರೆಸ್ಲಾವ್ ನಗರದ ಮಿಕುಲಿಚ್ ಎಂಬ ಶಸ್ತ್ರವೈದ್ಯರು ಒಂದು ಪದರದ ತೆಳು ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಶಸ್ತ್ರಕ್ರಿಯೆ ಮಾಡತೊಡಗಿದರು. ಅದೇ ವರ್ಷ ಪ್ಯಾರಿಸಿನಲ್ಲಿ ಪಾಲ್ ಬರ್ಜೆ ಅವರೂ ಹಾಗೆಯೇ ಮಾಡಿದರು. ಕೊಯ್ದ ಗಾಯದೊಳಗೆ ವೈದ್ಯನ ಎಂಜಲು ಬೀಳಬಾರದು, ಅಷ್ಟೇ. ನಾನು ವಿದ್ಯಾರ್ಥಿನಿಯಾಗಿದ್ದಾಗಲೂ ಆಪರೇಷನ್ ಥಿಯೇಟರಿನಲ್ಲಿ ನಾವು ಕಟ್ಟುತ್ತಿದ್ದುದು ಹಸಿರು ಬಟ್ಟೆಯ ಗವಸುಗಳನ್ನೇ. ಆಸ್ಪತ್ರೆಯ ದರ್ಜಿಯೇ ಹೊಲಿಯುತ್ತಿದ್ದ, ಅಗಸನೇ ಒಗೆಯುತ್ತಿದ್ದ, ಆಮೇಲೆ ಉಕ್ಕಿನ ಡ್ರಮ್ಮಿನಲ್ಲಿ ತುಂಬಿ ಹಬೆಯ ಒತ್ತಡದಲ್ಲಿ ಬೇಯಿಸುತ್ತಿದ್ದರು. ಹೀಗಿರುವಲ್ಲಿ, ಅಂದು ನಡೆದದ್ದು 2020ರಲ್ಲಿ ಏಕೆ ನಡೆಯಬಾರದೆಂದು ನನಗನಿಸಿದ್ದು ಸಹಜವೇ. ಆದರೆ ಅಂದು ರಕ್ಷಣೆ ಬೇಕಾಗಿದ್ದುದು ರೋಗಿಗೆ. 2020ರಲ್ಲಿ ಬೇಕಾದದ್ದು ದಾದಿಗೆ. ಬಟ್ಟೆ ಅದೇ ಆದರೂ ಕೆಲಸ ತಿರುವುಮುರುವಾಗಿತ್ತು.

ಈ ಎರಡನೆಯ ಕೆಲಸಕ್ಕೂ ಬಟ್ಟೆಯನ್ನು ಬಳಸಿದವರುಂಟು. 1910–11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿದಾಗ, ಪೆನಾಂಗಿನಲ್ಲಿ ಹುಟ್ಟಿದ ವೂ ಲಿಯೆನ್ ತೆ ಎಂಬ ತರುಣ ವೈದ್ಯರು ಜಾಳಿಗೆ ಬಟ್ಟೆಯ ನಡುವೆ ಹತ್ತಿಯ ದಪ್ಪ ಪದರವಿಟ್ಟು ಗವಸು ಮಾಡಿಸಿದರು. ಅದನ್ನು ಒಲ್ಲೆನೆಂದು ಬರಿಮುಖದಲ್ಲಿ ರೋಗಿಗಳನ್ನು ನೋಡಿದ ಫ್ರೆಂಚ್ ವೈದ್ಯ ಮೆನಿ ಅವರು ಕೆಲವೇ ದಿನಗಳಲ್ಲಿ ಪ್ಲೇಗಿಗೆ ಬಲಿಯಾದರು. ಗವಸು ಎಷ್ಟು ತಡೆಯುತ್ತದೆಂಬುದನ್ನು ಅಳೆಯುವ ಸಾಧನಗಳು ಮಾತ್ರ ಅಂದು ಇರಲಿಲ್ಲ.

ಈಗ ಅಳೆಯಲು ಬರುತ್ತದೆ. ಕೆಮ್ಮಿದಾಗ, ಮಾತನಾಡಿದಾಗ ಹೊರಬೀಳುವ ಹನಿಗಳಲ್ಲಿ ದೊಡ್ಡವು ಒಂದೆರಡು ಮೀಟರಿನೊಳಗೆ ನೆಲಕ್ಕಿಳಿಯುತ್ತವೆ. ಅತಿ ಸಣ್ಣವು ಅಗರಬತ್ತಿಯ ಹೊಗೆಯಂತೆ ಗಾಳಿಯಲ್ಲಿ ತೇಲುತ್ತವೆ. ಬಾಯಿಂದ ಆಗತಾನೆ ಹೊರಟ ಹನಿ ದೊಡ್ಡದು, ಒದ್ದೆಯಾದದ್ದು. ಎದುರಿಗಿರುವ ಎರಡು ಪದರದ ಹತ್ತಿಬಟ್ಟೆಗೆ ಬಡಿದು ಅಲ್ಲಿಯೇ ಅಂಟುತ್ತದೆ. ಅದೇ ಹನಿ ಗಾಳಿಗೆ ಒಣಗಿ ಕುಗ್ಗಿ, ಮತ್ತೊಬ್ಬರ ಮುಖದ ಬಳಿಗೆ ಬರುವಷ್ಟರಲ್ಲಿ ನೂಲುಗಳ ಸಂದಿನಲ್ಲಿ ನುಸುಳುವಷ್ಟು ಚಿಕ್ಕದಾಗಿರುತ್ತದೆ. ಆದ್ದರಿಂದಲೇ ಒಂದೇ ಗವಸು ಹೊರಹೋಗುವುದನ್ನು ಚೆನ್ನಾಗಿಯೂ ಒಳಬರುವುದನ್ನು ಅಷ್ಟಕ್ಕಷ್ಟೆಯೂ ತಡೆಯುತ್ತದೆ. ಎನ್-95 ಎಂಬ ಗವಸಿನ ಸಂಗತಿಯೇ ಬೇರೆ. ಅದರ ನಡುವಿನ ಪದರ ನೇಯ್ದದ್ದಲ್ಲ. ಕರಗಿಸಿದ ಪಾಲಿಪ್ರೊಪಿಲೀನನ್ನು ಬಿಸಿಗಾಳಿಯಿಂದ ಎಳೆಎಳೆಯಾಗಿ ಊದಿ ಹಾಸಿದ್ದು. ಆ ಎಳೆಗಳಿಗೆ ವಿದ್ಯುದಾವೇಶ ಕೊಟ್ಟಿರುವುದರಿಂದ ಸೂಕ್ಷ್ಮ ಕಣಗಳು ಸೆಳೆಯಲ್ಪಡುತ್ತವೆ. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ 95ರಷ್ಟನ್ನಾದರೂ ಅದು ತಡೆಯಬೇಕೆಂಬುದೇ ಆ ಹೆಸರಿನ ಅರ್ಥ. ಇದನ್ನು ಮನೆಯ ಯಂತ್ರದಲ್ಲಿ ಹೊಲಿಯಲಾಗದು.

ರೋಗಿಯೇ ಗವಸು ಧರಿಸಿದರೆ ಎಷ್ಟು ಪ್ರಯೋಜನವೆಂಬುದನ್ನು ದಕ್ಷಿಣ ಆಫ್ರಿಕದ ಒಂದು ಪ್ರಯೋಗ 2012ರಲ್ಲಿ ತೋರಿಸಿತು. ಔಷಧಕ್ಕೆ ಬಗ್ಗದ ಕ್ಷಯದ ರೋಗಿಗಳಿದ್ದ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳ ಎರಡು ಕೋಣೆಗಳಿಗೆ ಹರಿಸಿದರು. ರೋಗಿಗಳು ಗವಸು ಧರಿಸದ ದಿನಗಳ ಗಾಳಿ ಕುಡಿದ 90 ಪ್ರಾಣಿಗಳಲ್ಲಿ 69ಕ್ಕೆ ಸೋಂಕು ತಗುಲಿತು. ಧರಿಸಿದ ದಿನಗಳ ಗಾಳಿ ಕುಡಿದ 90ರಲ್ಲಿ 36ಕ್ಕೆ ಮಾತ್ರ. ಅವು ಕಾರ್ಖಾನೆಯ ಶಸ್ತ್ರಕ್ರಿಯಾ ಗವಸುಗಳು, ಬಟ್ಟೆಯವಲ್ಲ ಎಂಬುದು ನೆನಪಿರಬೇಕು. ಆದರೂ ತತ್ತ್ವ ಸ್ಪಷ್ಟವಾಗಿದೆ.

ದಾದಿಯರು ಬಟ್ಟೆಯ ಗವಸು ಧರಿಸಿದರೆ ಏನಾಗುತ್ತದೆಂಬ ಪ್ರಶ್ನೆಗೂ ಉತ್ತರ ಕೋವಿಡ್‌ಗೆ ಐದು ವರ್ಷ ಮೊದಲೇ ಸಿಕ್ಕಿತ್ತು. ವಿಯೆಟ್ನಾಮಿನ ಹನೋಯಿ ನಗರದ 14 ಆಸ್ಪತ್ರೆಗಳ 1,607 ಮಂದಿ ಸಿಬ್ಬಂದಿಯ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯಾ ಗವಸು ಧರಿಸಿದವರಿಗಿಂತ ಬಟ್ಟೆಯ ಗವಸು ಧರಿಸಿದವರಲ್ಲಿ ಜ್ವರ, ಕೆಮ್ಮು, ನೆಗಡಿಗಳ ಸೋಂಕು ಹೆಚ್ಚಾಗಿ ಕಂಡುಬಂತು. ಪ್ರಯೋಗಾಲಯದಲ್ಲಿ ಅಳೆದಾಗ ಆ ಬಟ್ಟೆಯ ಮೂಲಕ ಸೂಕ್ಷ್ಮ ಕಣಗಳಲ್ಲಿ ಸುಮಾರು ಶೇಕಡಾ 97 ಒಳನುಗ್ಗಿದವು. ಶಸ್ತ್ರಕ್ರಿಯಾ ಗವಸಿನ ಮೂಲಕ ಶೇಕಡಾ 44. ಅದೇ ಸಂಶೋಧಕರು 2020ರಲ್ಲಿ ತಮ್ಮ ಹಳೆಯ ಲೆಕ್ಕಗಳನ್ನು ಮತ್ತೊಮ್ಮೆ ಕೆದಕಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನನ್ನ ಮಟ್ಟಿಗೆ ಇದು ಮೊದಲಿನದಕ್ಕಿಂತಲೂ ಬೆಲೆಯುಳ್ಳದ್ದು. ಗವಸನ್ನು ತಾವೇ ಕೈಯಲ್ಲಿ ಒಗೆದುಕೊಳ್ಳುತ್ತಿದ್ದವರಿಗೆ ಸೋಂಕಿನ ಸಂಭವ, ಆಸ್ಪತ್ರೆಯ ಒಗೆತದ ಮನೆಯಲ್ಲಿ ಒಗೆಸುತ್ತಿದ್ದವರಿಗಿಂತ ಎರಡು ಪಟ್ಟು ಇತ್ತು. ಹಾಗೆ ಒಗೆಸುತ್ತಿದ್ದವರಾದರೋ ಶಸ್ತ್ರಕ್ರಿಯಾ ಗವಸಿನವರಷ್ಟೇ ಸುರಕ್ಷಿತರಾಗಿದ್ದರು. ಹಳೆಯ ಕಾಲದ ನಮ್ಮ ಆಸ್ಪತ್ರೆಯ ಅಗಸನೂ ಹಬೆಯ ಡ್ರಮ್ಮೂ ಎಂಥ ಕೆಲಸ ಮಾಡುತ್ತಿದ್ದರೆಂಬುದು ನನಗೆ ಆಗ ಹೊಳೆಯಿತು.

ಭಾರತ ಸರಕಾರವೂ 2020ರ ವಸಂತದಲ್ಲಿ ಮನೆಯಲ್ಲಿ ತಯಾರಿಸಿದ ಗವಸುಗಳನ್ನು ಜನರಿಗೆ ಶಿಫಾರಸು ಮಾಡಿದಾಗ, ಆರೋಗ್ಯ ಸಿಬ್ಬಂದಿಗೂ ಕೋವಿಡ್ ರೋಗಿಗಳಿಗೂ ಅವರ ಸಂಪರ್ಕದಲ್ಲಿರುವವರಿಗೂ ಇವು ತಕ್ಕವಲ್ಲವೆಂದು ಬೇರ್ಪಡಿಸಿಯೇ ಹೇಳಿತ್ತು. ಆ ಸಾಲನ್ನು ನಾವಾರೂ ಗಮನವಿಟ್ಟು ಓದಿರಲಿಲ್ಲ. ಹೊರರೋಗಿಗಳ ಸಾಲಿನಲ್ಲಿ ನಿಂತವರು, ಬುತ್ತಿ ತರುವ ಬಂಧುಗಳು, ಚೀಟಿ ಬರೆಯುವ ಗುಮಾಸ್ತರು, ಕ್ಯಾಂಟೀನಿನವರು, ಇವರೆಲ್ಲರ ಬಾಯಿಗೆ ಬಟ್ಟೆಯ ಗವಸಿದ್ದರೆ ಕಾರ್ಖಾನೆಯ ಗವಸುಗಳು ವಾರ್ಡಿನವರಿಗೆ ಉಳಿಯುತ್ತವೆ. ಎರಡನೆಯ ಗುಡ್ಡೆಯ ಉಪಯೋಗ ಇದು.

ಬಟ್ಟೆ, ಅಳತೆ, ಹೊಲಿಗೆ

ಮರಳಿ ಬಂದ ಗುಡ್ಡೆಯನ್ನು ಮನೆಗೆ ತಂದು ಒಂದೊಂದಾಗಿ ನೋಡಿದಾಗ ನಮ್ಮ ತಪ್ಪುಗಳು ಬೆಳಕಿಗೆ ಬಂದವು. ಅರ್ಧದಷ್ಟು ಗವಸುಗಳಿಗೆ ಕಿವಿಗೆ ಸಿಕ್ಕಿಸುವ ಇಲಾಸ್ಟಿಕ್ ಹಾಕಿದ್ದೆವು. ಮನೆಯಲ್ಲಿ ಅದು ಅನುಕೂಲ. ಆದರೆ ದಿನವೂ ಕುದಿಸಿದರೆ ಹತ್ತಾರು ದಿನಗಳಲ್ಲಿ ಜೋಲುಬೀಳುತ್ತದೆ, ಎಂಟು ಗಂಟೆ ಧರಿಸಿದವರ ಕಿವಿಯ ಹಿಂದೆ ಗಾಯವಾಗುತ್ತದೆ. ಆಸ್ಪತ್ರೆಗೆ ಬೇಕಾದದ್ದು ನಾಲ್ಕು ತುದಿಗಳ ಲಾಡಿ. ಕೆಲವರು ಮೂಗಿನ ಆಕಾರಕ್ಕೆ ಹೊಂದಲೆಂದು ನಟ್ಟನಡುವೆ ಮೇಲಿನಿಂದ ಕೆಳಗೆ ಹೊಲಿಗೆ ಹಾಕಿದ್ದರು. ಅಂದವಾಗಿತ್ತು, ನಿಜ. ಆದರೆ ಸೂಜಿ ಚುಚ್ಚಿದ ಪ್ರತಿ ಜಾಗವೂ ಒಂದು ರಂಧ್ರ. ಬಾಯಿಯ ಎದುರಿಗೇ ರಂಧ್ರಗಳ ಸಾಲನ್ನು ಇಟ್ಟಂತಾಯಿತು. (2020ರ ಬೇಸಗೆಯಲ್ಲಿ ದೇಶದ ರಕ್ಷಾಕವಚ ಉಡುಪುಗಳಲ್ಲಿ ಅರ್ಧದಷ್ಟನ್ನು ತಯಾರಿಸಿದ ಬೆಂಗಳೂರಿನ ಕಾರ್ಖಾನೆಗಳು ಪ್ರತಿ ಹೊಲಿಗೆಯ ಮೇಲೂ ಬಿಸಿಗಾಳಿಯಿಂದ ಪಟ್ಟಿ ಅಂಟಿಸಬೇಕಾಗಿದ್ದುದು ಇದೇ ಕಾರಣಕ್ಕೆ.) ಇನ್ನು ಜರಿಯ ಕಣ, ನೈಲಾನ್ ಮಿಶ್ರಿತ ಬಟ್ಟೆಗಳ ಮಾತು ಹೇಳಲೇಬೇಕಿಲ್ಲ; ಕುದಿನೀರಿಗೆ ಅವು ಉಳಿಯಲಿಲ್ಲ.

ಬಟ್ಟೆ ಅಪ್ಪಟ ಹತ್ತಿಯದಾಗಿ, ಒತ್ತಾದ ನೇಯ್ಗೆಯದಾಗಿರಬೇಕು. ಬಿಸಿಲಿಗೆ ಎತ್ತಿ ಹಿಡಿದಾಗ ನೂಲುಗಳ ಸಂದಿನಲ್ಲಿ ಬೆಳಕಿನ ಚುಕ್ಕೆಗಳು ಕಂಡರೆ ಅದು ಬೇಡ. ಪಾಪ್ಲಿನ್, ಒತ್ತು ನೇಯ್ಗೆಯ ಹೊದಿಕೆ ಬಟ್ಟೆ ಉತ್ತಮ. ಸವೆದ ಹಳೆಯ ಪಂಚೆ ಮೃದುವೆಂದು ಹಲವರಿಗೆ ಪ್ರಿಯ, ಆದರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ನೇಪಾಳದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ನಾಲ್ಕು ಸಲ ಒಗೆದು ಒಣಗಿಸಿದ ಬಟ್ಟೆಯ ಗವಸು ಧೂಳು ತಡೆಯುವ ಶಕ್ತಿಯಲ್ಲಿ ಶೇಕಡಾ 20ರಷ್ಟನ್ನು ಕಳೆದುಕೊಂಡಿತ್ತು. ಹಿಗ್ಗಿದ ನೇಯ್ಗೆ ಮತ್ತೆ ಕೂಡಿಕೊಳ್ಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಜೂನ್ ತಿಂಗಳಲ್ಲಿ ಜನಸಾಮಾನ್ಯರಿಗೆ ಮೂರು ಪದರದ ಗವಸನ್ನು ಸೂಚಿಸಿತು: ಒಳಗೆ ತೇವ ಹೀರುವ ಹತ್ತಿ, ನಡುವೆ ನೇಯದ ಪಾಲಿಪ್ರೊಪಿಲೀನ್, ಹೊರಗೆ ನೀರು ಬೇಗ ಹೀರದ ಮಿಶ್ರಬಟ್ಟೆ. ಹಬೆಯಲ್ಲಿ ಬೇಯಿಸಬೇಕೆಂದು ಆಸ್ಪತ್ರೆಯವರು ಹೇಳಿದರೆ ಮಾತ್ರ ಹತ್ತಿಯ ಪದರಗಳಷ್ಟನ್ನೇ ಇಡುವುದು ಲೇಸು.

ಕತ್ತರಿಸುವ ಮುನ್ನ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡತಕ್ಕದ್ದು. ಈ ಕೆಲಸ ಬಿಟ್ಟರೆ ಹೊಲಿದ ಗವಸು ಮೊದಲ ಕುದಿತಕ್ಕೇ ಕುಗ್ಗಿ ಗಲ್ಲ ಬಿಟ್ಟು ಮೇಲೇರುತ್ತದೆ. ಒಂದು ಗವಸಿಗೆ 7 ಅಂಗುಲ ಅಗಲ, ಏಳೂವರೆ ಅಂಗುಲ ಎತ್ತರದ ಎರಡು ತುಂಡುಗಳು ಬೇಕು. ಒಳಗಿನ ತುಂಡು ಬಿಳಿ, ಹೊರಗಿನದು ಬೇರೆ ಬಣ್ಣ. ಇದು ಚೆಂದಕ್ಕಲ್ಲ: ಊಟಕ್ಕೆಂದು ಕಳಚಿದವರು ಮರಳಿ ಧರಿಸುವಾಗ ಹೊರಮೈಯನ್ನು ಬಾಯಿಗೆ ತಾಗಿಸಬಾರದು. ತುಂಡುಗಳ ಒಳ್ಳೆಯ ಮೈಗಳನ್ನು ಎದುರುಬದುರಾಗಿಟ್ಟು, ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ಅರ್ಧ ಅಂಗುಲ ಬಿಟ್ಟು ಹೊಲಿದು ಮಗುಚಿರಿ. ಈಗ ಎತ್ತರ ಆರೂವರೆ ಅಂಗುಲ. ಮೇಲಂಚಿನ ಒಳಗೆ ನಾಲ್ಕು ಅಂಗುಲದ ತೆಳು ಅಲ್ಯೂಮಿನಿಯಂ ಪಟ್ಟಿ ಸೇರಿಸಿ, ಅದು ಜಾರದಂತೆ ಸುತ್ತ ಹೊಲಿಗೆ ಹಾಕಿ. ಕಬ್ಬಿಣದ ತಂತಿ ಒಗೆದಂತೆ ತುಕ್ಕು ಹಿಡಿಯುತ್ತದೆ. ಆಮೇಲೆ ಅರ್ಧ ಅಂಗುಲ ಆಳದ ಮೂರು ಅಡ್ಡ ನೆರಿಗೆಗಳನ್ನು ಹಿಡಿದರೆ ಎತ್ತರ ಮೂರೂವರೆ ಅಂಗುಲಕ್ಕೆ ಇಳಿಯುತ್ತದೆ; ಧರಿಸಿದಾಗ ಬಿಚ್ಚಿಕೊಂಡು ಮೂಗಿನ ಮೇಲಿನಿಂದ ಗಲ್ಲದ ಕೆಳಗಿನವರೆಗೆ ಮುಚ್ಚುತ್ತದೆ. ನೆರಿಗೆಯ ಬಾಯಿ ಹೊರಮೈಯಲ್ಲಿ ಕೆಳಮುಖವಾಗಿರಬೇಕು. ಮೇಲ್ಮುಖವಾದರೆ ಹನಿ, ಧೂಳುಗಳಿಗೆ ಅದೇ ಜೇಬಾಗುತ್ತದೆ. ನೆರಿಗೆ ಹಿಡಿಯಲು ಗುಂಡುಸೂಜಿ ಚುಚ್ಚದೆ, ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಬಳಸಿ.

ಕೊನೆಗೆ ಲಾಡಿ. ಒಂದೂವರೆ ಅಂಗುಲ ಅಗಲ, 36 ಅಂಗುಲ ಉದ್ದದ ಎರಡು ಪಟ್ಟಿಗಳನ್ನು ಮಡಿಚಿ, ಪ್ರತಿಯೊಂದರ ನಡುಭಾಗದಲ್ಲಿ ಗವಸಿನ ಒಂದೊಂದು ಪಕ್ಕದ ಅಂಚನ್ನು ಸೇರಿಸಿ ತುದಿಯಿಂದ ತುದಿಗೆ ಹೊಲಿದರೆ, ಮೇಲೆ ಎರಡು, ಕೆಳಗೆ ಎರಡು, ಹದಿನಾರು ಅಂಗುಲದ ನಾಲ್ಕು ಲಾಡಿಗಳಾಗುತ್ತವೆ. ಮೇಲಿನವು ಕಿವಿಗಳ ಮೇಲಿಂದ ಹಾದು ನೆತ್ತಿಯ ಹಿಂದೆ, ಕೆಳಗಿನವು ಕುತ್ತಿಗೆಯ ಹಿಂದೆ ಗಂಟುಬೀಳುತ್ತವೆ. ಇಲ್ಲಿ ಲೆಕ್ಕಾಚಾರದ ಒಂದು ಮಾತು. 36 ಅಂಗುಲ ಪನ್ನದ ಒಂದು ಮೀಟರು ಬಟ್ಟೆಯಲ್ಲಿ 25 ತುಂಡುಗಳು, ಅಂದರೆ 12 ಗವಸುಗಳು ಬರುತ್ತವೆ. ಅವುಗಳ ಲಾಡಿಗೇ ಇನ್ನೊಂದು ಮೀಟರು ಬೇಕು! ನಾವು ಇದನ್ನು ಎಣಿಸದೆ ಹೊರಟು, ಕೊನೆಗೆ ಲಾಡಿಗೆ ಬಟ್ಟೆ ಸಾಲದೆ ಇಲಾಸ್ಟಿಕ್ಕಿಗೆ ಇಳಿದೆವು. ಹಾಗೆ ಹುಟ್ಟಿತು ಮೂರನೆಯ ಗುಡ್ಡೆ.

ಒಗೆತ ಮತ್ತು ಬಳಕೆ

ಹೊಲಿದು ಕೊಡುವವರು ಆಸ್ಪತ್ರೆಯವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಇವನ್ನು ಒಗೆಯುವವರು ಯಾರು ಎಂಬುದು. ಒಗೆತದ ಮನೆಯಿದ್ದು, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಬೇಯಿಸುವ ಏರ್ಪಾಡಿದ್ದರೆ ಬಹಳ ಒಳ್ಳೆಯದು. ಬಂಧುಗಳಿಗೆ ಹಂಚುವುದಾದರೆ, ಪ್ರತಿಯೊಬ್ಬರಿಗೂ ಎರಡು ಕೊಟ್ಟು, ಒಗೆಯುವ ಕ್ರಮವನ್ನು ಚೀಟಿಯಲ್ಲಿ ಬರೆದುಕೊಡಬೇಕು. ಈ ಊರಿನಲ್ಲಿ ತೆಲುಗು, ಉರ್ದು, ಕನ್ನಡ ಮೂರರಲ್ಲಿಯೂ. ಮನೆಯಲ್ಲಿ ಸಾಬೂನು ನೀರಿನಲ್ಲಿ ತಿಕ್ಕಿ, ಹತ್ತು ನಿಮಿಷ ಕುದಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದರೆ ಸಾಕು. ನಮ್ಮ ಪ್ರೆಶರ್ ಕುಕ್ಕರಿನೊಳಗೂ, ಸೀಟಿ ಹೊಡೆಯುವ ಹೊತ್ತಿಗೆ, ಆಸ್ಪತ್ರೆಯ ಯಂತ್ರದ್ದಕ್ಕೆ ಸಮೀಪವಾದ ಉಷ್ಣತೆಯೇ ಇರುತ್ತದೆ. ಅನ್ನದ ಪಾತ್ರೆಯಲ್ಲಿ ಗವಸು ಬೇಯಿಸಲು ಅತ್ತೆಯವರು ಒಪ್ಪುವರೇ ಎಂಬುದು ಬೇರೆ ವಿಚಾರ.

ಹೈದರಾಬಾದಿನ ಏಪ್ರಿಲ್ ಬಿಸಿಲಿನಲ್ಲಿ ಗವಸು ಗಂಟೆ ಎರಡು ಗಂಟೆಯಲ್ಲಿ ಬೆವರಿನಿಂದ ತೊಯ್ಯುತ್ತದೆ. ತೊಯ್ದದ್ದನ್ನು ಬದಲಾಯಿಸಲೇಬೇಕು. ಗಲ್ಲದ ಕೆಳಗೆ ಇಳಿಬಿಟ್ಟುಕೊಂಡು ಫೋನಿನಲ್ಲಿ ಮಾತನಾಡಿ ಮತ್ತೆ ಮೇಲೆಳೆದುಕೊಳ್ಳುವ ಚಾಳಿ ನಮ್ಮಲ್ಲಿ ವಿಪರೀತ. ವೈದ್ಯರೂ ಇದಕ್ಕೆ ಹೊರತಲ್ಲ. ಈಗ ಕಾರ್ಖಾನೆಯ ಗವಸುಗಳ ಅಭಾವವಿಲ್ಲದ ಕಾಲ. ಕೊಂಡು ಕೊಡುವವರು ಭಾರತೀಯ ಮಾನಕವನ್ನು ನೋಡಿ ಕೊಳ್ಳಬೇಕು: ಶಸ್ತ್ರಕ್ರಿಯಾ ಗವಸಿಗೆ ಐ.ಎಸ್. 16289, ಸೂಕ್ಷ್ಮ ಕಣ ತಡೆಯುವ ಗವಸಿಗೆ ಐ.ಎಸ್. 9473. ಕ್ಷಯ, ಇನ್‌ಫ್ಲುಯೆಂಜಾಗಳು ಕೋವಿಡ್‌ಗೆ ಮುಂಚೆಯೂ ಇದ್ದವು, ಈಗಲೂ ಇವೆ. ಕೆಮ್ಮುತ್ತಿರುವವರೊಂದಿಗೆ ಆಸ್ಪತ್ರೆಯ ಸಾಲಿನಲ್ಲಿ ಕುಳಿತವರಿಗೆ ಬಟ್ಟೆಯ ಗವಸು ಬರಿಬಾಯಿಗಿಂತ ಎಂದಿದ್ದರೂ ಮೇಲು.

ನಮ್ಮ ಹೊಲಿಗೆಯ ಗುಂಪಿನಲ್ಲಿ ಕಲಬುರಗಿ ಕಡೆಯ ಒಬ್ಬ ಹಿರಿಯ ಗೃಹಿಣಿಯಿದ್ದರು. ಅವರ ಮಗಳು ನಗರದ ಆಸ್ಪತ್ರೆಯೊಂದರಲ್ಲಿ ದಾದಿ. ಕೋವಿಡ್ ವಾರ್ಡಿಗೆ ಅವಳ ಸರದಿ ಬಂದಿತ್ತು. ಮರಳಿ ತಂದ ಕಟ್ಟನ್ನು ನಾನು ಬಿಚ್ಚುತ್ತಿದ್ದಾಗ ಅವರು ಸೆರಗಿನೊಳಗಿಂದ ಬೇರೆಯಾಗಿ ಹೊಲಿದ ಒಂದು ಗವಸು ತೆಗೆದು ನನ್ನ ಕೈಗಿತ್ತರು. ಮಗಳ ತಂದೆಯ ಹೊಸ ಪಂಚೆಯದು. ಹೊಲಿಗೆ ಎಷ್ಟು ಸಣ್ಣದೆಂದರೆ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು.

“ಆರು ಪದರ ಹಾಕೀನ್ರಿ ಡಾಕ್ಟರಬಾಯಿ. ಇದನ್ನ ಕಟ್ಟಿಕೊಂಡು ವಾರ್ಡಿಗೆ ಹೋಗು ಅಂತ ಹೇಳ್ಲೇನ್ರಿ?”

ಆರು ಪದರದ ಗವಸಿನಲ್ಲಿ ಉಸಿರು ಬಟ್ಟೆಯ ಮೂಲಕ ಹಾಯಲಾರದೆ ಪಕ್ಕದ ಸಂದುಗಳಿಂದಲೇ ಒಳಹೊರಗೆ ಆಡುತ್ತದೆ. ಒಬ್ಬ ತಾಯಿಗೆ ಇದನ್ನು ಹೇಳುವುದು ಸುಲಭವಾಗಿರಲಿಲ್ಲ. ಬೇಡವೆಂದೆ. ವಾರ್ಡಿನಲ್ಲಿ ಆಸ್ಪತ್ರೆ ಕೊಟ್ಟ ಎನ್-95 ಒಂದೇ ಇರಲಿ, ಅದರ ಮೇಲಾಗಲಿ ಕೆಳಗಾಗಲಿ ಬೇರೇನೂ ಬೇಡ, ಅದು ಮುಖಕ್ಕೆ ಬಿಗಿಯಾಗಿ ಕೂಡದೆ ಹೋದೀತೆಂದೆ. ಅವರು ಗವಸನ್ನು ಹಿಂದಕ್ಕೆ ತೆಗೆದುಕೊಂಡು ಏನೂ ಮಾತನಾಡದೆ ಎದ್ದುಹೋದರು. ಎರಡು ದಿನ ಹೊಲಿಗೆಗೆ ಬರಲಿಲ್ಲ. ಮೂರನೆಯ ದಿನ ಬಂದಾಗ ಆ ಆರು ಪದರದಲ್ಲಿ ನಾಲ್ಕನ್ನು ಬಿಚ್ಚಿ, ಎರಡು ಪದರದ ಮೂರು ಗವಸುಗಳನ್ನಾಗಿ ಮಾಡಿ ತಂದಿದ್ದರು. ವಾರ್ಡಿನಿಂದ ಹೊರಬಂದ ಮೇಲೆ, ಆಸ್ಪತ್ರೆಯ ಬಸ್ಸಿನಲ್ಲಿ, ತಂಗುವ ಕೊಠಡಿಯಲ್ಲಿ ಕಟ್ಟಿಕೊಳ್ಳಬಹುದೇ ಎಂದು ಕೇಳಿದರು. ಅಲ್ಲಿ ಕಾರ್ಖಾನೆಯ ಮೂರು ಪದರದ ಗವಸಿನ ಮೇಲೆ ಇದನ್ನು ಬಿಗಿಯಾಗಿ ಕಟ್ಟಿದರೆ ಅಂಚಿನ ಸಂದು ಮುಚ್ಚುತ್ತದೆ, ಕಟ್ಟಿಕೊಳ್ಳಲಿ, ದಿನಕ್ಕೊಂದರಂತೆ ಕುದಿಸಲಿ ಎಂದೆ. ಮಗಳು ಆ ಬೇಸಗೆಯೆಲ್ಲ ಅವನ್ನೇ ಕಟ್ಟಿಕೊಂಡಳು. ಅನಂತರದ ಮುನ್ನೂರು ಗವಸುಗಳಿಗೆ ಲಾಡಿ ಹೊಲಿದವರು ಅವರೇ.